ಮಲಾಯಿಯ ಇಳಿಯದ ಜ್ವರ

ಮೊರಬದ ರೈತರೊಬ್ಬರು ತಮ್ಮ ಬೆಕ್ಕನ್ನು ಗೊಬ್ಬರದ ಖಾಲಿ ಚೀಲದಲ್ಲಿ ಹಾಕಿಕೊಂಡು ಬಂದ ಬೆಳಗ್ಗೆ, ನವಲಗುಂದದ ನಮ್ಮ ಪಶು ದವಾಖಾನೆಯ ಮುಂದೆ ಎಮ್ಮೆಗಳೂ ಒಂದು ಕುಂಟುವ ಎತ್ತೂ ನಿಂತಿದ್ದವು. ಚೀಲದಿಂದ ಬೆಕ್ಕಿನ ತಲೆ ಹೊರಬಂದದ್ದನ್ನು ನೋಡಿ ಎತ್ತಿನವರು ನಕ್ಕರು. ರೈತರು ಅತ್ತ ತಿರುಗದೆ ಬೆಕ್ಕನ್ನು ನನ್ನ ಮೇಜಿನ ಮೇಲಿಟ್ಟರು.

"ಗಬ್ಬ ಐತ್ರಿ ಅಕ್ಕಾರ. ದಿನಾ ತುಂಬೇತಿ ಅನಸ್ತೈತಿ, ಆದ್ರ ಈಯವಲ್ದು. ಕೂಳ ಬ್ಯಾರೆ ಬಿಟ್ಟೈತಿ."

ಹೊಟ್ಟೆ ನಿಜಕ್ಕೂ ಗಡಿಗೆಯಂತೆ ಊದಿತ್ತು. ಬೆನ್ನೆಲುಬು ಮಾತ್ರ ಕೈಗೆ ಚುಚ್ಚುತ್ತಿತ್ತು. ಬಾಲ ಎತ್ತಿ ನೋಡಿದೆ.

"ಕಾಕಾ, ಇದು ಗಂಡು ಐತ್ರಿ."

"ಗಂಡ? ಏನ್ ಹೇಳ್ತೀರಿ! ನಮ್ಮ ಮನ್ಯಾಗ ಬಾಣಂತನದ ತಯಾರಿ ನಡದೈತಿ!"

ಎತ್ತಿನವರು ಇನ್ನೂ ಜೋರಾಗಿ ನಕ್ಕರು. ರೈತರಿಗೂ ನಗು ಬಂತು. ನನಗೆ ಬರಲಿಲ್ಲ. ಹೊಟ್ಟೆಯ ಒಂದು ಬದಿಗೆ ಅಂಗೈ ಇಟ್ಟು ಇನ್ನೊಂದು ಬದಿಯಿಂದ ಬೆರಳಿನಿಂದ ತಟ್ಟಿದರೆ ಒಳಗೆ ನೀರಿನ ಅಲೆ ಬಂದು ಅಂಗೈಗೆ ಬಡಿಯುತ್ತಿತ್ತು. ಕೂದಲು ಬೋಳಿಸಿ, ಸಣ್ಣ ಸೂಜಿ ಚುಚ್ಚಿ ಎಳೆದಾಗ ಸಿರಿಂಜಿನಲ್ಲಿ ಏರಿದ ದ್ರವ ಅಪ್ಪಟ ಕುಸುಬಿ ಎಣ್ಣೆಯ ಬಣ್ಣದ್ದು. ಕೈಗವಸಿನ ಎರಡು ಬೆರಳುಗಳ ನಡುವೆ ಒಂದು ಹನಿ ಇಟ್ಟು ಅಗಲಿಸಿದರೆ ಎಳೆಯಾಗಿ ಹಿಗ್ಗುತ್ತಿತ್ತು.

ನಾನು ಹುಡುಕುತ್ತಿದ್ದ ರೋಗ ತಾನಾಗಿಯೇ ಚೀಲದಲ್ಲಿ ಕುಳಿತು ಬಂದಿತ್ತು.

ಆ ದಿನಗಳಲ್ಲಿ ನಾನು ನೌಕರಿಯ ಜೊತೆಗೇ ಪಶುವೈದ್ಯ ಕಾಲೇಜೊಂದರ ಮೂಲಕ ಸಂಶೋಧನೆ ನಡೆಸುತ್ತಿದ್ದೆ. ಬೆಕ್ಕುಗಳಲ್ಲಿ ಅವುಗಳದೇ ಒಂದು ಕೊರೊನಾ ವೈರಸ್ ಇದೆ. ಹೆಚ್ಚಿನ ಬೆಕ್ಕುಗಳ ಕರುಳಿನಲ್ಲಿ ಅದು ಸುಮ್ಮನೆ ಬಿದ್ದಿರುತ್ತದೆ, ಬಹಳವೆಂದರೆ ನಾಲ್ಕು ದಿನ ಭೇದಿ. ಕೆಲವು ಬೆಕ್ಕುಗಳ ಮೈಯಲ್ಲಿ ಮಾತ್ರ ಅದು ಸ್ವಭಾವ ಬದಲಿಸಿ, ರೋಗದ ವಿರುದ್ಧ ಹೋರಾಡಬೇಕಾದ ರಕ್ತಕಣಗಳೊಳಗೇ ಮನೆ ಮಾಡುತ್ತದೆ. ಆಮೇಲೆ ಹೊಟ್ಟೆಯಲ್ಲೋ ಎದೆಯಲ್ಲೋ ನೀರು ತುಂಬುತ್ತದೆ. ನೀರು ತುಂಬದ ಇನ್ನೊಂದು ಬಗೆಯಲ್ಲಿ ಕಣ್ಣು, ಮೆದುಳು, ಮೂತ್ರಪಿಂಡ ಕೆಡುತ್ತವೆ. ಎಫ್‌ಐಪಿ ಎಂದು ಕರೆಯುವ ಈ ರೋಗಕ್ಕೆ ನಾನು ಓದುವ ಕಾಲದಲ್ಲಿ ಮದ್ದೇ ಇರಲಿಲ್ಲ. ಈಗ ಇದೆ. ಕೋವಿಡ್ ಕಾಲದಲ್ಲಿ ಮನುಷ್ಯರಿಗೆ ಕೊಟ್ಟ ರೆಮ್‌ಡೆಸಿವಿರ್‌ಗೆ ತೀರ ಹತ್ತಿರದ ಔಷಧವೊಂದನ್ನು ಮಾತ್ರೆಯಾಗಿ ವಾರಗಟ್ಟಲೆ ಕೊಟ್ಟರೆ ಬೆಕ್ಕು ಬದುಕುತ್ತದೆ. ಆದರೆ ರೋಗ ಇದೇ ಎಂದು ಹೇಳುವುದು ಇಂದಿಗೂ ಕಷ್ಟ. ಹಳ್ಳಿಯ ದವಾಖಾನೆಯಲ್ಲಿ ಮಾಡಬಹುದಾದ ಸರಳ ಪರೀಕ್ಷೆಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದೇ ನನ್ನ ಪ್ರಶ್ನೆಯಾಗಿತ್ತು.

ಅಂಥ ಪರೀಕ್ಷೆಗಳಲ್ಲಿ ಒಂದಕ್ಕೆ ಬೇಕಾಗುವುದು ಶುದ್ಧ ನೀರು ಮತ್ತು ವಿನೆಗರ್. ಗಾಜಿನ ನಳಿಗೆಯಲ್ಲಿ ನೀರು ತುಂಬಿ ಒಂದು ತೊಟ್ಟು ವಿನೆಗರ್ ಬೆರೆಸಿ, ಮೇಲಿನಿಂದ ಹೊಟ್ಟೆಯ ದ್ರವದ ಒಂದು ಹನಿಯನ್ನು ಮೆಲ್ಲಗೆ ಬಿಡಬೇಕು. ಹನಿ ಕರಗಿ ಮಾಯವಾದರೆ ಈ ರೋಗ ಇರುವ ಸಂಭವ ಕಡಿಮೆ. ಹನಿ ತನ್ನ ಆಕಾರ ಬಿಡದೆ, ಬಿಳಿ ಗೊಂಡೆಯಂತೆ ನೀರಿನಲ್ಲಿ ನೇತಾಡಿದರೆ ಅನುಮಾನ ಗಟ್ಟಿ. ಅನುಮಾನ ಅಷ್ಟೇ, ಖಾತ್ರಿಯಲ್ಲ. ಹೊಟ್ಟೆಯೊಳಗೆ ಕೀವಾಗಿದ್ದರೂ ಕೆಲವು ಬಗೆಯ ಕ್ಯಾನ್ಸರ್ ಇದ್ದರೂ ಹನಿ ಹಾಗೇ ನಿಲ್ಲಬಹುದು. ಆದ್ದರಿಂದ ಪ್ರತಿ ಮಾದರಿಯೂ ಐಸ್ ಡಬ್ಬಿಯಲ್ಲಿ ದೂರದ ಪ್ರಯೋಗಾಲಯಕ್ಕೆ ಹೋಗಬೇಕು, ಅಲ್ಲಿ ವೈರಸ್ ಸಿಕ್ಕ ಮೇಲೆಯೇ ಸಂಶೋಧನೆಯ ಮಾತ್ರೆ ಶುರು ಮಾಡಬೇಕು ಎಂದು ಕಾಲೇಜಿನ ನೈತಿಕ ಸಮಿತಿ ಕಟ್ಟುನಿಟ್ಟಾಗಿ ಹೇಳಿತ್ತು. ಆ ನಿಯಮದ ಕರಡು ಬರೆದವಳೂ ನಾನೇ.

ಮೊರಬದ ಬೆಕ್ಕಿನ ಹನಿ ನೀರಿನಲ್ಲಿ ನೇತಾಡಿತು. ರೈತರು ಬಗ್ಗಿ ನಳಿಗೆಯನ್ನೇ ದಿಟ್ಟಿಸಿ, "ಏನಿದು?" ಎಂದರು.

"ಬೆಕ್ಕಿನ ಕೊರೊನಾ ಇರಬಹುದ್ರಿ," ಎಂದೆ.

ಆ ಪದ ಬಾಯಿಂದ ಜಾರಿದ ಕೂಡಲೇ ಎತ್ತಿನವರು ನಗು ನಿಲ್ಲಿಸಿ ಹಿಂದೆ ಸರಿದರು. ಎಮ್ಮೆಯ ಒಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಇದು ಬೇರೆ, ಮನುಷ್ಯರಿಗೆ ಬರುವುದಿಲ್ಲ, ದನಕ್ಕೂ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಆ ಹೊತ್ತಿಗೆ ಒಂದು ಎಮ್ಮೆ ಚಿಕಿತ್ಸೆಯಿಲ್ಲದೆಯೇ ಮನೆಯ ದಾರಿ ಹಿಡಿದಿತ್ತು. ರೈತರು ಮಾತ್ರ ಬೆಕ್ಕಿನ ಕಿವಿಯ ಹಿಂದೆ ಕೆರೆಯುತ್ತ ನಿಂತೇ ಇದ್ದರು.

"ಕಡ್ಲಿ ಚೀಲಕ್ಕ ಇಲಿ ಮುಟ್ಟಗೊಡೂದಿಲ್ರಿ ಇದು. ಉಳಸ್ರಿ," ಎಂದರು.

ಮಾದರಿ ಕಳಿಸಿದ ದಿನವೇ ಸಂಜೆ ಮೋಡ ಕಟ್ಟಿತು. ಮೇಲುಗಡೆ ಎಲ್ಲೋ ಜೋರು ಮಳೆಯಾಗಿ ಬೆಣ್ಣಿಹಳ್ಳ ಏರಿತು, ರಸ್ತೆಯ ಮೇಲೆ ನೀರು ಬಂತು, ಹುಬ್ಬಳ್ಳಿ ಕಡೆಯ ಬಸ್ಸುಗಳು ನಿಂತವು. ನನ್ನ ಐಸ್ ಡಬ್ಬಿ ದಾರಿಯ ಒಂದು ಊರಿನಲ್ಲಿ ಬಸ್ಸಿನೊಳಗೇ ಉಳಿಯಿತು. ಅದು ಪ್ರಯೋಗಾಲಯ ತಲುಪುವ ಹೊತ್ತಿಗೆ ಐಸು ಬೆಚ್ಚಗಿನ ನೀರಾಗಿತ್ತು. ಮಾದರಿ ಕೆಟ್ಟಿದೆ, ಮತ್ತೊಮ್ಮೆ ಕಳಿಸಿ ಎಂದು ಫೋನ್ ಬಂತು. ಮತ್ತೊಮ್ಮೆ ಸೂಜಿ ಹಾಕಲು ಮೊರಬಕ್ಕೆ ಹೋದರೆ ಬೆಕ್ಕು ಕಟ್ಟೆಯ ಕೆಳಗೆ ಬಾಯಿ ತೆರೆದು ಉಸಿರಾಡುತ್ತಿತ್ತು. ಒಸಡು ಹಳದಿಯಾಗಿತ್ತು. ನನ್ನ ಚೀಲದಲ್ಲಿ ಅದರ ಹೆಸರಿಗೆ ತೆಗೆದಿಟ್ಟ ಮಾತ್ರೆಗಳಿದ್ದವು. ಖಾತ್ರಿ ಇರಲಿಲ್ಲ. ಎರಡನೇ ಮಾದರಿ ತೆಗೆದುಕೊಂಡು ವಾಪಸಾದೆ. ಅದು ಪ್ರಯೋಗಾಲಯ ಮುಟ್ಟುವ ಮೊದಲೇ ಬೆಕ್ಕು ಸತ್ತಿತು.

ಶವ ಪರೀಕ್ಷೆಗೆ ರೈತರು ಒಪ್ಪಿದರು. ಹೊಲದ ಬದುವಿನ ಮೇಲೆ ಹಾಳೆ ಹಾಸಿ ತೆರೆದೆವು. ಕರುಳಿನ ಮೇಲೆಲ್ಲ ಜೋಳದ ನುಚ್ಚು ಚೆಲ್ಲಿದಂತೆ ಬಿಳಿ ಗಂಟುಗಳು. ಯಕೃತ್ತಿನ ಮೇಲೆ ಹಾಲಿನ ಕೆನೆಯಂಥ ಪದರ. ಪುಸ್ತಕದಲ್ಲಿರುವ ಚಿತ್ರವೇ. ಆಮೇಲೆ ಬಂದ ವರದಿಯೂ ಅದನ್ನೇ ಹೇಳಿತು. ವಿನೆಗರ್ ನೀರಿನಲ್ಲಿ ನೇತಾಡಿದ ಆ ಹನಿ ಮೊದಲ ದಿನವೇ ಸರಿಯಾಗಿ ಹೇಳಿತ್ತು. ಸಂಶೋಧನೆಯ ದೃಷ್ಟಿಯಿಂದ ಇದು ಒಳ್ಳೆಯ ಫಲಿತಾಂಶ. ವರದಿ ಓದಿದ ಮೇಲೆ ನನಗೆ ಒಂದು ಕಡೆ ಕೂರಲಾಗಲಿಲ್ಲ. ದವಾಖಾನೆಯ ಅಂಗಳದಲ್ಲಿ ಅತ್ತಿಂದಿತ್ತ ತಿರುಗಾಡಿದೆ, ಎಮ್ಮೆಗಳನ್ನು ನೋಡಿದೆ, ಮತ್ತೆ ಒಳಗೆ ಬಂದು ಅದೇ ವರದಿ ಓದಿದೆ.

ಮಲಾಯಿ ನನ್ನ ಕಣ್ಣಿಗೆ ಬಿದ್ದದ್ದು ಇದಾದ ಕೆಲವೇ ದಿನಗಳ ಮೇಲೆ.

ನವಲಗುಂದದ ಒಂದು ಓಣಿಯಲ್ಲಿ ಜಮಖಾನ ನೇಯುವ ಹೆಣ್ಣುಮಗಳೊಬ್ಬರಿದ್ದರು. ವಯಸ್ಸು ಐವತ್ತು ದಾಟಿದೆ. ಓಣಿಯವರೆಲ್ಲ ಖಾಲಾ, ಎಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಬೆಕ್ಕಿಗೆ ಹುಷಾರಿಲ್ಲವೆಂದು ಹೇಳಿಕಳಿಸಿದಾಗ ಅವರ ಮನೆಗೆ ಹೋದ ನಾನೂ ಹಾಗೇ ಕರೆದೆ. ಮುಂದಿನ ಕೋಣೆಯ ಗೋಡೆಗೆ ಆನಿಸಿ ನಿಲ್ಲಿಸಿದ ದೊಡ್ಡ ಮಗ್ಗ, ಅದರ ಮುಂದೆ ಹಲಗೆಯ ಮೇಲೆ ಖಾಲಾ, ಸುತ್ತಲೂ ಬಣ್ಣದ ನೂಲಿನ ಉಂಡೆಗಳು, ಉಂಡೆಗಳ ನಡುವೆ ಬೆಕ್ಕುಗಳು. ನೂಲಿಗೆ ಇಲಿ ಕಾಟ, ಅದಕ್ಕೇ ಸಾಕಿದ್ದು ಎಂದು ಅವರು ಹೇಳುತ್ತಿದ್ದರು. ಆದರೆ ಬಿಳಿ ಗಂಡು ಬೆಕ್ಕು ಮಲಾಯಿ ಮಲಗುತ್ತಿದ್ದದ್ದು ಅವರ ತೊಡೆಯ ಮೇಲೆ. ಕಬ್ಬಿಣದ ಪಂಜದಿಂದ ನೂಲು ಬಡಿದು ಕೂರಿಸುವಾಗಲೂ ಅದು ಕಣ್ಣು ತೆರೆಯುತ್ತಿರಲಿಲ್ಲ.

"ಜ್ವರ ಇಳಿವಲ್ದು ಡಾಕ್ಟ್ರಬಾಯಿ," ಎಂದರು ಖಾಲಾ. "ನೀವು ಇಲ್ಲದಾಗ ನಿಮ್ಮ ದವಾಖಾನ್ಯಾಗ ಸೂಜಿ ಮಾಡ್ಸೀನಿ, ಔಷಧ ಹಾಕೀನಿ. ಎರಡ ದಿನ ಬೆಚ್ಚಗ, ಎರಡ ದಿನ ಮತ್ತ ಕಾದ ಹಂಚು. ಈಗ ಕಣ್ಣ ನೋಡ್ರಿ, ಬಣ್ಣ ತಿರಿಗೈತಿ."

ಮಲಾಯಿಯ ಎಡಗಣ್ಣು ತಿಳಿ ಹಸಿರು. ಬಲಗಣ್ಣು ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಟಾರ್ಚ್ ಬಿಟ್ಟರೆ ಕಣ್ಣಿನ ಮುಂಭಾಗದಲ್ಲಿ ಗಂಜಿಯ ತೆಟ್ಟೆಯಂತೆ ಏನೋ ಕೆಳಗೆ ಕುಳಿತಿತ್ತು. ಹೊಟ್ಟೆಯಲ್ಲಿ ನೀರಿಲ್ಲ. ಎಂದರೆ ವಿನೆಗರ್ ಪರೀಕ್ಷೆ ಮಾಡಲು ನನಗೆ ಒಂದು ಹನಿಯೂ ಸಿಗದು.

ರಕ್ತ ತೆಗೆದೆ. ಈ ರೋಗದಲ್ಲಿ ರಕ್ತದ ಒಂದು ಬಗೆಯ ಪ್ರೋಟೀನ್ ಮೇಲೇರುತ್ತದೆ, ಇನ್ನೊಂದು ಇಳಿಯುತ್ತದೆ. ಎರಡರ ನಡುವಿನ ಅನುಪಾತ ಕುಸಿದಷ್ಟೂ ಅನುಮಾನ ಬಲವಾಗುತ್ತದೆ. ಮಲಾಯಿಯದು ಕುಸಿದಿತ್ತು. ಆದರೆ ಇದೇ ಜ್ವರ, ಇದೇ ಕಣ್ಣಿನ ಉರಿಯೂತ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯಿಂದಲೂ ಆಗಬಹುದು, ಇಲಿ ತಿನ್ನುವ ಬೆಕ್ಕಿಗೆ ಅದು ಸುಲಭವಾಗಿ ತಗಲುತ್ತದೆ. ಅದಕ್ಕೆಂದು ಬೇರೆ ಔಷಧ ಶುರು ಮಾಡಿ, ರಕ್ತದ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿದೆ. ಈ ಸಲ ಬಸ್ಸಿಗೆ ಕೊಡಲಿಲ್ಲ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹುಬ್ಬಳ್ಳಿಯವರೆಗೆ ನಾನೇ ಹೋಗಿ ಕಳಿಸಿ ಬಂದೆ.

ಫಲಿತಾಂಶ ಬಂತು: ವೈರಸ್ ಸಿಕ್ಕಿಲ್ಲ.

ನೀರು ತುಂಬದ ಈ ಒಣ ಬಗೆಯ ರೋಗದಲ್ಲಿ ರಕ್ತದಲ್ಲಿ ವೈರಸ್ ಸಿಗದಿರುವುದು ಸಾಮಾನ್ಯ. ಸಿಗಲಿಲ್ಲವೆಂದರೆ ಇಲ್ಲ ಎಂದಲ್ಲ. ಇದು ನನಗೂ ಗೊತ್ತು, ಕಾಲೇಜಿನಲ್ಲಿ ನನ್ನ ಸಂಶೋಧನೆಯ ಮಾರ್ಗದರ್ಶಕರಾಗಿದ್ದವರಿಗೂ ಗೊತ್ತು. ಅವರು ಮೈಸೂರು ಕಡೆಯವರು, ಶಾಂತವಾಗಿ ಮಾತನಾಡುವವರು. ಹೊಟ್ಟೆಯೊಳಗಿನ ದುಗ್ಧರಸ ಗ್ರಂಥಿಗೆ ಸ್ಕ್ಯಾನ್ ನೋಡುತ್ತ ಸೂಜಿ ಹಾಕಿ ಮಾದರಿ ತೆಗೆದರೆ ಸಿಗಬಹುದು, ಕಾಲೇಜಿಗೆ ಕರೆತನ್ನಿ ಎಂದರು. ಸ್ಕ್ಯಾನ್ ಯಂತ್ರ ರಿಪೇರಿಗೆ ಹೋಗಿದೆ, ಮುಂದಿನ ವಾರ ಬರುತ್ತದೆ ಎಂದೂ ಸೇರಿಸಿದರು.

ಟಾಕ್ಸೊಪ್ಲಾಸ್ಮಾದ ಔಷಧಕ್ಕೆ ಜ್ವರ ಜಗ್ಗಲಿಲ್ಲ. ಓಣಿಯಲ್ಲಿ ಅಷ್ಟರೊಳಗೆ ಮೊರಬದ ಸುದ್ದಿ ಹಬ್ಬಿತ್ತು. ಖಾಲಾನ ಮನೆಯಲ್ಲಿ ಕೊರೊನಾ ಬೆಕ್ಕುಗಳಿವೆ, ಎಲ್ಲವನ್ನೂ ಹೊರಗೆ ಬಿಟ್ಟು ಬರಬೇಕು ಎಂದು ಇಬ್ಬರು ಮೂವರು ಬಾಗಿಲಿಗೆ ಬಂದಿದ್ದರಂತೆ. "ನನ್ನೂ ಕೂಡೇ ಬಿಟ್ಟ ಬರ್ರಿ ಅಂದೆ, ಸುಮ್ಮ ಹೋದ್ರು," ಎಂದರು ಖಾಲಾ. ಹೇಳುವಾಗ ಅವರು ಮಗ್ಗದಿಂದ ಕಣ್ಣು ತೆಗೆಯಲಿಲ್ಲ. ಆದರೆ ಪಂಜದ ಪೆಟ್ಟು ಎಂದಿಗಿಂತ ಜೋರಾಗಿತ್ತು. ನಾನು ಓಣಿಯ ನಾಲ್ಕಾರು ಮನೆಗಳಿಗೆ ಹೋಗಿ, ಕಟ್ಟೆಯ ಮೇಲೆ ಕೂತು, ಇದು ಆ ರೋಗವಲ್ಲ ಎಂದು ಬಿಡಿಸಿ ಹೇಳಿದೆ. ಕೆಲವರು ನಂಬಿದರು. ಕೆಲವರು ಚಹಾ ಕೊಟ್ಟರು, ನಂಬಲಿಲ್ಲ.

ಒಂದು ಮಧ್ಯಾಹ್ನ ಖಾಲಾ ಫೋನ್ ಮಾಡಿದರು. "ಬರ್ರಿ" ಎಂದಷ್ಟೇ ಹೇಳಿ ಇಟ್ಟರು. ಹೋದಾಗ ಮಲಾಯಿ ಮಗ್ಗದ ಬುಡದಿಂದ ನೀರಿನ ಬಟ್ಟಲಿನ ಕಡೆ ನಡೆಯಲು ನೋಡುತ್ತಿತ್ತು. ಮುಂಗಾಲು ಸರಿಯಾಗಿ ಬೀಳುತ್ತಿದ್ದವು. ಹಿಂಗಾಲುಗಳು ಬೇರೆ ಯಾರದೋ ಎಂಬಂತೆ ಅಡ್ಡಡ್ಡ ಹೋಗುತ್ತಿದ್ದವು. ಎರಡು ಹೆಜ್ಜೆ ಇಟ್ಟು ಮಗ್ಗುಲಿಗೆ ಬಿತ್ತು. ಎದ್ದು ಮತ್ತೆ ಬಿತ್ತು. ಖಾಲಾ ಎತ್ತಿಕೊಳ್ಳಲು ಹೋಗಲಿಲ್ಲ. ನಾನು ನೋಡಲಿ ಎಂದು ಕಾಯುತ್ತಿದ್ದರು.

ರೋಗ ನರಕ್ಕೆ ಮುಟ್ಟಿತ್ತು. ಇನ್ನು ಮುಂದಿನ ವಾರದ ಯಂತ್ರಕ್ಕೆ ಕಾಯುವುದೆಂದರೆ ಮೊರಬದ ಹೊಲದ ಬದುವಿಗೇ ಮತ್ತೆ ಹೋಗುವುದು.

ಅವರ ಮನೆಯ ಕಟ್ಟೆಯ ಮೇಲೆ ನಿಂತೇ ಮಾರ್ಗದರ್ಶಕರಿಗೆ ಫೋನ್ ಮಾಡಿದೆ.

"ಮೊರಬದ ಬೆಕ್ಕಿನ ಮಾತ್ರೆ ಹಾಗೇ ಇದೆ ಸರ್. ಇವತ್ತೇ ಶುರು ಮಾಡುತ್ತೇನೆ."

"ಖಾತ್ರಿಯಾಗಿಲ್ಲವಲ್ಲ. ನಾಳೆ ಅದು ಬದುಕಿದರೂ ಯಾವ ರೋಗದಿಂದ ಬದುಕಿತು ಅಂತ ಹೇಳ್ತೀರಿ? ಆ ಬೆಕ್ಕು ನಮ್ಮ ಅಧ್ಯಯನದಲ್ಲಿ ಇರೋದಿಲ್ಲ."

"ಬೇಡ ಸರ್. ಇರದಿದ್ದರೆ ಬೇಡ."

"ಸಮಿತಿಗೆ ನಾನು ತಿಳಿಸಬೇಕಾಗುತ್ತೆ. ಮುಚ್ಚಿಡೋಕೆ ಆಗಲ್ಲ."

"ನಾನೇ ತಿಳಿಸುತ್ತೇನೆ."

"ಯೋಚನೆ ಮಾಡಿ," ಎಂದರು. ಬೇಡ ಎನ್ನಲಿಲ್ಲ. ಮಾಡಿ ಎಂದೂ ಅನ್ನಲಿಲ್ಲ.

ಒಳಗೆ ಬಂದು ಖಾಲಾನ ಎದುರು ಕೂತೆ. "ಖಾಲಾ, ಇದು ಅದ ರೋಗ ಅಂತ ನನಗ ಖಾತ್ರಿ ಇಲ್ರಿ. ಪರೀಕ್ಷಾದಾಗ ಸಿಕ್ಕಿಲ್ಲ. ನನಗ ಅನಸ್ತೈತಿ, ಅಷ್ಟ. ಗುಳಿಗಿ ಕೊಟ್ಟು ನೋಡೂಣು. ಮೂರ್ನಾಕ ದಿನದಾಗ ಜ್ವರ ಇಳದ್ರ ಅದ ರೋಗ ಅಂತ ತಿಳ್ಕೊಬೇಕು. ಇಳೀಲಿಲ್ಲಂದ್ರ ನನ್ನ ಹಂತ್ಯಾಕ ಬ್ಯಾರೆ ಏನೂ ಇಲ್ಲ."

"ಇಳದ್ರ?"

"ಇಳದ್ರ ಹನ್ನೆರಡ ವಾರ ದಿನಾ ಕೊಡಬೇಕು. ಒಂದ ದಿನಾನೂ ತಪ್ಪಸಂಗಿಲ್ಲ."

ಖಾಲಾ ಮಲಾಯಿಯನ್ನು ನೋಡಿದರು, ಆಮೇಲೆ ನನ್ನನ್ನು. "ಕೊಡ್ರಿ ಮತ್ತ. ಮಾತಾಡ್ಕೋತ ಕುಂತ್ರ ಅದರ ಕಾಲ ಏನ್ ಸುಮ್ಮ ಕುಂದರ್ತಾವ?"

ಮೊದಲ ಮಾತ್ರೆಯನ್ನು ನಾನೇ ನಾಲಿಗೆಯ ಬುಡಕ್ಕೆ ಇಟ್ಟು ಬಾಯಿ ಮುಚ್ಚಿ ಗಂಟಲು ಸವರಿದೆ. ಹಿಂದೆಯೇ ಸಿರಿಂಜಿನಿಂದ ನೀರು. ಸಂಜೆ ದವಾಖಾನೆಯಲ್ಲಿ ಕೂತು ಸಮಿತಿಗೆ ಪತ್ರ ಬರೆದೆ. ಏನು ಮಾಡಿದೆ, ಯಾಕೆ ಮಾಡಿದೆ, ಯಾರ ಪಾಲಿನ ಮಾತ್ರೆ ಎಂಬುದಷ್ಟೇ. ಸಮರ್ಥನೆಯ ಸಾಲುಗಳನ್ನು ಬರೆದು ಬರೆದು ಹೊಡೆದು ಹಾಕಿದೆ.

ಮಾರನೆಯ ದಿನ ಬೆಳಗ್ಗೆ ಖಾಲಾನ ಫೋನ್. "ಜ್ವರ ಹಂಗ ಐತ್ರಿ." ಅದರ ಮಾರನೆಯ ದಿನವೂ ಅದೇ ಮಾತು, ಜೊತೆಗೆ "ನೀರೂ ಬ್ಯಾಡ ಅಂತೈತಿ." ಆ ದಿನ ತಿರ್ಲಾಪುರದಲ್ಲಿ ಆಕಳೊಂದಕ್ಕೆ ಕರು ಅಡ್ಡ ಬಿದ್ದಿತ್ತು. ತೋಳಿನ ತನಕ ಕೈ ಹಾಕಿ ಕರುವಿನ ಕಾಲು ಹುಡುಕುತ್ತಿರುವಾಗಲೂ ನನ್ನ ತಲೆಯಲ್ಲಿ ಮಾರ್ಗದರ್ಶಕರ ಪ್ರಶ್ನೆಯೇ ಸುತ್ತುತ್ತಿತ್ತು. ಕ್ಯಾನ್ಸರ್ ಆಗಿದ್ದರೆ? ಟಾಕ್ಸೊಪ್ಲಾಸ್ಮಾದ ಔಷಧವನ್ನು ಇನ್ನೂ ಸ್ವಲ್ಪ ದಿನ ಮುಂದುವರಿಸಬೇಕಿತ್ತೆ? ಕರು ಜೀವಂತ ಬಂತು. ಆಕಳಿನ ಮನೆಯವರು ಬೆಲ್ಲ ಕೊಟ್ಟರು. ಬಾಯಿಗೆ ಹಾಕಿಕೊಂಡದ್ದು ನೆನಪಿದೆ, ರುಚಿ ನೆನಪಿಲ್ಲ.

ಮೂರನೆಯ ಬೆಳಗ್ಗೆ ಫೋನ್ ಬರಲಿಲ್ಲ. ನಾನು ದವಾಖಾನೆಗೆ ಹೋಗುವುದನ್ನು ಬಿಟ್ಟು ನೇರವಾಗಿ ಓಣಿಗೆ ಹೋದೆ. ಬಾಗಿಲು ತೆರೆದೇ ಇತ್ತು. ಖಾಲಾ ನೆಲದ ಮೇಲೆ ಕೂತು ಬೇಯಿಸಿದ ಕೋಳಿಯ ಎಳೆಗಳನ್ನು ಬಿಡಿಸಿ ಮಲಾಯಿಯ ಮುಂದೆ ಇಡುತ್ತಿದ್ದರು. ಅದು ಮಲಗಿದಲ್ಲಿಂದಲೇ ಕತ್ತು ಚಾಚಿ ತಿನ್ನುತ್ತಿತ್ತು. ಥರ್ಮಾಮೀಟರ್ ಇಟ್ಟೆ. ಜ್ವರ ಇಳಿದಿತ್ತು. ನಂಬದೆ ಮತ್ತೆ ಇಟ್ಟೆ.

"ಪೋನಿಗೆ ಕೈ ಖಾಲಿ ಇರ್ಲಿಲ್ರಿ," ಎಂದರು ಖಾಲಾ. ಅವರ ಬೆರಳೆಲ್ಲ ಕೋಳಿಯ ಜಿಡ್ಡು.

ಸಂತೋಷ ಬಹಳ ದಿನ ಉಳಿಯಲಿಲ್ಲ. ಸಮಿತಿಯಿಂದ ಪತ್ರ ಬಂತು. ವಿಚಾರಣೆ ಮುಗಿಯುವವರೆಗೆ ನಾನು ಯಾವ ಹೊಸ ಬೆಕ್ಕನ್ನೂ ಅಧ್ಯಯನಕ್ಕೆ ಸೇರಿಸುವಂತಿಲ್ಲ. ಶುರು ಮಾಡಿದ ಚಿಕಿತ್ಸೆಯನ್ನು ನಡುವೆ ನಿಲ್ಲಿಸುವುದು ಸರಿಯಲ್ಲವಾದ್ದರಿಂದ ಮಲಾಯಿಗೆ ಮುಂದುವರಿಸಬಹುದು, ಉಳಿದ ಮಾತ್ರೆಗಳನ್ನು ಕಾಲೇಜಿಗೆ ಒಪ್ಪಿಸಬೇಕು. ಪತ್ರದ ಭಾಷೆ ಗೌರವದಿಂದಲೇ ಕೂಡಿತ್ತು. ಮಾತ್ರೆಗಳನ್ನು ಒಪ್ಪಿಸಿ ಬಂದೆ.

ಆ ತಡೆಯ ದಿನಗಳಲ್ಲೇ ಶಲವಡಿಯಿಂದ ಒಬ್ಬ ಹೆಣ್ಣುಮಗಳು ಮರಿಬೆಕ್ಕೊಂದನ್ನು ಟವೆಲಿನಲ್ಲಿ ಸುತ್ತಿ ತಂದರು. ಎದೆಯಲ್ಲಿ ನೀರು. ಹನಿ ನೇತಾಡಿತು. ಆ ಮರಿ ನನ್ನ ಅಧ್ಯಯನಕ್ಕೆ ಎಲ್ಲ ರೀತಿಯಿಂದಲೂ ಹೊಂದುತ್ತಿತ್ತು, ಮಾದರಿ ಕಳಿಸಿದ್ದರೆ ಬಹುಶಃ ಖಾತ್ರಿಯೂ ಆಗುತ್ತಿತ್ತು. ಮಲಾಯಿಯ ಪಾಲಿನದನ್ನು ಬಿಟ್ಟರೆ ನನ್ನ ಬಳಿ ಮಾತ್ರೆ ಇರಲಿಲ್ಲ. ಎದೆಯ ನೀರು ತೆಗೆದು ಉಸಿರಾಟ ಹಗುರ ಮಾಡಿದೆ. ಕೋವಿಡ್‌ಗೆಂದು ಬಂದ ಇನ್ನೊಂದು ಕ್ಯಾಪ್ಸೂಲ್ ಔಷಧದ ಅಂಗಡಿಗಳಲ್ಲಿ ಉಳಿದಿತ್ತು, ಬೇರೆ ಕಡೆ ಬೆಕ್ಕುಗಳಿಗೆ ಅದನ್ನು ಕೊಟ್ಟ ಅನುಭವಗಳನ್ನು ಓದಿದ್ದೆ. ಹುಬ್ಬಳ್ಳಿಯಿಂದ ತರಿಸಿ, ಒಳಗಿನ ಪುಡಿಯನ್ನು ಮರಿಯ ತೂಕಕ್ಕೆ ತಕ್ಕಂತೆ ಪಾಲು ಮಾಡಿ ಶುರು ಮಾಡಿದೆ. ಮನೆಯಲ್ಲಿ ಬಸುರಿ ಹೆಂಗಸರಿದ್ದರೆ ಅವರು ಈ ಪುಡಿ ಮುಟ್ಟಕೂಡದು ಎಂದು ಎರಡೆರಡು ಸಲ ಹೇಳಿ ಕಳಿಸಿದೆ. ಮರಿ ಎರಡು ದಿನ ಉಳಿಯಿತು. ತಂದದ್ದೇ ತಡವಾಗಿತ್ತು, ಆ ಮಾತ್ರೆ ಇದ್ದಿದ್ದರೂ ಉಳಿಯುತ್ತಿರಲಿಲ್ಲವೇನೋ. ಈ 'ಏನೋ' ಎಂಬುದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆ ಹೆಣ್ಣುಮಗಳು ಫೋನಿನಲ್ಲಿ ಅಳಲಿಲ್ಲ. "ನಿಮ್ಮ ಕೈಲಾದಷ್ಟು ಮಾಡೀರಿ ಅಕ್ಕಾರ," ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು.

ಮಲಾಯಿ ಇತ್ತ ತೂಕ ಹಾಕಿಕೊಳ್ಳುತ್ತಿತ್ತು. ಕೂದಲಿಗೆ ಹೊಳಪು ಬಂತು, ನಡಿಗೆ ಸುಮಾರಾಗಿ ನೆಟ್ಟಗಾಯಿತು. ಬಲಗಣ್ಣಿನ ತೆಟ್ಟೆ ಕರಗಿತು, ಆದರೆ ಆ ಕಣ್ಣಿನ ಮುಂದೆ ಬೆರಳಾಡಿಸಿದರೆ ರೆಪ್ಪೆ ಮಿಡಿಯುತ್ತಿರಲಿಲ್ಲ. ಇಷ್ಟೆಲ್ಲ ಸುಧಾರಿಸಿದ ಮೇಲೆ, ದೀಪಾವಳಿಯ ಸುಮಾರಿಗೆ, ಹಿಂಗಾಲುಗಳು ಮತ್ತೆ ಅಡ್ಡಾದಿಡ್ಡಿಯಾಗತೊಡಗಿದವು. ಖಾಲಾ ಅದನ್ನು ಫೋನಿನಲ್ಲಿ ಹೇಳಿದಾಗ ನಾನು ದವಾಖಾನೆಯ ಕೆಲಸ ಬಿಟ್ಟು ಓಣಿಗೆ ಹೊರಟೆ.

ಹೋಗಿ ಒಂದೊಂದಾಗಿ ಕೇಳಿದೆ. ಮಾತ್ರೆ ತಪ್ಪಿದೆಯೇ? ಇಲ್ಲ. ವಾಂತಿ? ಇಲ್ಲ. ಉಗುಳುತ್ತದೆಯೇ?

"ಮೊದಲ ಉಗಳ್ತಿತ್ರಿ. ಈಗ ಖೀಮಾದಾಗ ಮುಚ್ಚಿ ಕೊಡ್ತೀನಿ, ಗಪ್ಪನ ನುಂಗತೈತಿ."

ಖೀಮಾ ತಿಂದ ಬಟ್ಟಲನ್ನು ತೊಳೆಯದೆ ಇಡಲು ಹೇಳಿ ಮಾರನೆಯ ದಿನ ನೋಡಿದೆ. ತಳದಲ್ಲಿ ಯಾವ ಚೂರೂ ಇರಲಿಲ್ಲ. ಮಾತ್ರೆ ಹೊಟ್ಟೆಗೇ ಹೋಗುತ್ತಿತ್ತು. ಹಾಗಾದರೆ ಕಡಿಮೆಯಾಗುತ್ತಿರುವುದು ಪ್ರಮಾಣ. ಬೆಕ್ಕು ದಪ್ಪಗಾಗಿತ್ತು, ನಾನು ವಾರ ವಾರ ತೂಕಕ್ಕೆ ತಕ್ಕಂತೆ ಏರಿಸುತ್ತಲೇ ಇದ್ದೆ. ಆದರೆ ಮೆದುಳಿಗೂ ಕಣ್ಣಿಗೂ ರಕ್ತದಿಂದ ಔಷಧ ಸುಲಭವಾಗಿ ದಾಟುವುದಿಲ್ಲ, ನರದ ರೋಗಕ್ಕೆ ಪ್ರಮಾಣ ಬಹಳ ಹೆಚ್ಚು ಬೇಕು. ಜೊತೆಗೆ ಹೊಟ್ಟೆ ತುಂಬಿದಾಗ ಮಾತ್ರೆ ಚೆನ್ನಾಗಿ ಹಿಡಿಯದಿರುವ ಸಂಭವವೂ ಇತ್ತು. ಖೀಮಾ ನಿಲ್ಲಿಸಿ, ಖಾಲಿ ಹೊಟ್ಟೆಗೆ ಕೊಟ್ಟು ಸ್ವಲ್ಪ ಹೊತ್ತಿನ ಮೇಲೆ ಊಟ ಹಾಕಲು ಹೇಳಿದೆ. ಪ್ರಮಾಣವನ್ನು ದೊಡ್ಡದಾಗಿ ಏರಿಸಬೇಕಿತ್ತು, ಎರಡು ಹೊತ್ತಿಗೆ ಹಂಚಬೇಕಿತ್ತು. ಲೆಕ್ಕ ಹಾಕಿದರೆ ನನಗೆ ಬಿಟ್ಟುಕೊಟ್ಟ ಮಾತ್ರೆಗಳು ಅರ್ಧ ದಾರಿಗೂ ಸಾಲುತ್ತಿರಲಿಲ್ಲ.

ಮಾರ್ಗದರ್ಶಕರಿಗೆ ಮತ್ತೆ ಫೋನ್ ಮಾಡಿದೆ. ನಡಿಗೆಯ ವಿಡಿಯೊ ಕಳಿಸಿದೆ. ಅವರು ಅದನ್ನು ನೋಡಿ, ರಕ್ತದ ಹಳೆಯ ಹೊಸ ವರದಿಗಳನ್ನೆಲ್ಲ ತರಿಸಿಕೊಂಡು ಎರಡು ದಿನ ಓದಿದರು. ಮೂರನೆಯ ದಿನ ಕಾಲೇಜಿನ ಜೀಪಿನಲ್ಲಿ ತಾವೇ ನವಲಗುಂದಕ್ಕೆ ಬಂದಿಳಿದರು. ಖಾಲಾನ ಮನೆಯ ನೆಲದ ಮೇಲೆ ಕೂತು ಮಲಾಯಿಯ ಹಿಂಗಾಲಿನ ಪಾದವನ್ನು ಮಡಚಿ ನೆಲಕ್ಕೆ ತಾಗಿಸಿದರು. ಸರಿಯಾಗಿರುವ ಬೆಕ್ಕು ತಕ್ಷಣ ಪಾದವನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. ಮಲಾಯಿ ಮಾಡಿಕೊಳ್ಳಲಿಲ್ಲ. ಇನ್ನೊಂದು ಪಾದಕ್ಕೂ ಹಾಗೇ ಮಾಡಿ ನೋಡಿದರು. ಟಾರ್ಚ್ ಹಿಡಿದು ಕಣ್ಣು ನೋಡಿದರು. ಬಹಳ ಹೊತ್ತು ನೋಡಿದರು.

"ಪರೀಕ್ಷೆ ಏನಾದರೂ ಹೇಳಲಿ," ಎಂದರು ನನಗೆ, "ಇದು ಬೇರೆ ಏನೂ ಅಲ್ಲ." ಆಮೇಲೆ ಚೀಲದಿಂದ ಮಾತ್ರೆಯ ಡಬ್ಬಿಗಳನ್ನು ತೆಗೆದು ಹಾಸಿದ ಜಮಖಾನದ ಮೇಲಿಟ್ಟರು. ಸಮಿತಿಯ ಅಧ್ಯಕ್ಷರೊಡನೆ ಮಾತನಾಡಿ, ಲಿಖಿತವಾಗಿ ಒಪ್ಪಿಗೆ ಪಡೆದು ತಂದಿದ್ದರು.

ಖಾಲಾ ಅವರಿಗೆ ಚಹಾ ಕೊಡುತ್ತ, "ನೀವೂ ಬೆಕ್ಕಿನ ಡಾಕ್ಟ್ರೇನ್ರಿ? ಇಷ್ಟ ದಿನಾ ಎಲ್ಲಿದ್ರಿ?" ಎಂದು ಕೇಳಿದರು. ಮಾರ್ಗದರ್ಶಕರು ನನ್ನ ಮುಖ ನೋಡಿದರು. ನಾನು ನೂಲಿನ ಉಂಡೆಗಳನ್ನು ನೋಡಿದೆ.

ಹೆಚ್ಚಿದ ಪ್ರಮಾಣ ಒಂದು ವಾರ ಏನೂ ಮಾಡಲಿಲ್ಲ. ಆಮೇಲೆ ನಿಧಾನವಾಗಿ, ನೋಡುವವರಿಗೆ ಬೇಸರವಾಗುವಷ್ಟು ನಿಧಾನವಾಗಿ, ಮಲಾಯಿಯ ಹಿಂಗಾಲುಗಳು ಮುಂಗಾಲುಗಳ ಹಿಂದೆ ಬರತೊಡಗಿದವು. ಒಂದು ದಿನ ಅದು ಬೀಳದೆ ಬಟ್ಟಲಿನ ತನಕ ಹೋಯಿತು. ಇನ್ನೊಂದು ದಿನ ಖಾಲಾನ ಹಲಗೆಯ ಮೇಲೆ ಹತ್ತಿ, ಇಳಿಯಲಾರದೆ ಕೂಗಿತು. ಆ ಹನ್ನೆರಡು ವಾರಗಳ ಎಣಿಕೆಯನ್ನು ಪ್ರಮಾಣ ಬದಲಿಸಿದ ದಿನದಿಂದ ಮತ್ತೆ ಮೊದಲು ಮಾಡಿದೆವು. ಸಂಕ್ರಾಂತಿ ಹೋಯಿತು, ಕಡಲೆ ರಾಶಿಯೂ ಮುಗಿಯಿತು. ಪ್ರತಿ ಬೆಳಗ್ಗೆ ಖಾಲಾ ಫೋನ್ ಮಾಡಿ ಮೂರು ಮಾತು ಹೇಳುತ್ತಿದ್ದರು: ಗುಳಿಗೆ ಹೋಯಿತೋ ಇಲ್ಲವೋ, ಮೈ ಬಿಸಿಯೋ ತಣ್ಣಗೋ, ಕಾಲು ಹೇಗೆ. ನನ್ನ ಕೈಯಲ್ಲಿ ಎತ್ತಿನ ಗೊರಸಿರಲಿ, ಎದುರಿಗೆ ಮೇಲಧಿಕಾರಿಯಿರಲಿ, ಆ ಫೋನ್ ಎತ್ತುತ್ತಿದ್ದೆ.

ಸಮಿತಿಯ ಮುಂದೆ ನಾನೂ ಮಾರ್ಗದರ್ಶಕರೂ ಹೋದೆವು. ನಿಯಮ ಮೀರಿದ್ದು ಸರಿಯಲ್ಲ ಎಂದು ನನಗೆ ಬರಹದಲ್ಲಿ ಎಚ್ಚರಿಕೆ ಕೊಟ್ಟರು. ಅದನ್ನು ನಾನು ಅಲ್ಲಗಳೆಯಲಿಲ್ಲ. ಅದೇ ಸಭೆಯಲ್ಲಿ ನಿಯಮವನ್ನೂ ತಿದ್ದಿದರು. ಲಕ್ಷಣಗಳು, ರಕ್ತದ ಅನುಪಾತ, ಇತರ ರೋಗಗಳ ಔಷಧಕ್ಕೆ ಬಗ್ಗದ ಜ್ವರ, ಇವೆಲ್ಲ ಒಟ್ಟಿಗೆ ಇದ್ದರೆ ಮಾದರಿ ಕಳಿಸಿದ ದಿನವೇ ಮಾತ್ರೆ ಶುರು ಮಾಡಬಹುದು, ಅಂಥ ಬೆಕ್ಕುಗಳನ್ನು ಪ್ರತ್ಯೇಕ ಗುಂಪಾಗಿ ಬರೆಯಬೇಕು ಎಂದಾಯಿತು. ಮುಂದೆ ಬಂದ ಬೆಕ್ಕುಗಳಿಗೆ ಇದರಿಂದ ಅನುಕೂಲವಾಯಿತು. ತಿದ್ದುಪಡಿಗೆ ಮೊದಲಿನದಾದ್ದರಿಂದ ಮಲಾಯಿ ಯಾವ ಗುಂಪಿನಲ್ಲೂ ಸೇರಲಿಲ್ಲ. ನನ್ನ ಪ್ರಬಂಧದಲ್ಲಿ ಅದರ ಬಗ್ಗೆ ಒಂದು ಸಾಲೂ ಇಲ್ಲ.

ಕೊನೆಯ ಮಾತ್ರೆಯ ದಿನ ರಕ್ತ ತೆಗೆದೆ. ಅನುಪಾತ ಸರಿಯಾಗಿತ್ತು. ಬಲಗಣ್ಣು ಕುರುಡಾಗಿಯೇ ಉಳಿಯಿತು. ಮಾತ್ರೆ ನಿಲ್ಲಿಸಿದ ಮೇಲೆ ಇನ್ನೂ ಅಷ್ಟೇ ವಾರ ಕಾಯಬೇಕು, ಈ ಅವಧಿಯಲ್ಲೇ ರೋಗ ಮರುಕಳಿಸುವುದು ಹೆಚ್ಚು ಎಂದೆ.

"ಮತ್ತ ಬರ್ತೈತೇನ್ರಿ?" ಎಂದರು ಖಾಲಾ.

"ಗೊತ್ತಿಲ್ರಿ ಖಾಲಾ."

"ನೀವು ಗೊತ್ತಿಲ್ಲಂತ ಬಾಳ ಚಲೋ ಹೇಳ್ತೀರಿ," ಎಂದು ಅವರು ಮಗ್ಗದ ಕಡೆ ತಿರುಗಿದರು.

ಆ ವಾರಗಳು ಮಾತ್ರೆಯ ವಾರಗಳಿಗಿಂತ ಕಷ್ಟವಾದವು. ಮಾತ್ರೆ ಇದ್ದಾಗ ಏನೋ ಮಾಡುತ್ತಿದ್ದೇವೆ ಎಂಬ ಸಮಾಧಾನವಿತ್ತು. ಈಗ ಕಾಯುವುದಷ್ಟೇ ಕೆಲಸ. ಖಾಲಾ ಪ್ರತಿ ಬೆಳಗ್ಗೆ ಫೋನ್ ಮಾಡಿದರು, ಈಗ ಎರಡೇ ಮಾತು. ಬಿಸಿಲು ಏರಿತು. ಒಂದು ದಿನ ಮೈ ಸ್ವಲ್ಪ ಬೆಚ್ಚಗಿದೆ ಎಂದರು. ಓಡಿ ಹೋದರೆ ಅದು ತಗಡಿನ ಮೇಲೆ ಬಿಸಿಲಿಗೆ ಮಲಗಿ ಬಂದಿತ್ತು. ಕಾಯುವ ವಾರಗಳೂ ಮುಗಿದವು. ಇನ್ನು ದಿನಾ ಫೋನ್ ಮಾಡುವ ಅಗತ್ಯವಿಲ್ಲ, ಏನಾದರೂ ಆದರೆ ಮಾತ್ರ ಮಾಡಿ ಎಂದು ನಾನೇ ಹೇಳಿ ಬಂದೆ.

ಮಾರನೆಯ ಬೆಳಗ್ಗೆ ಫೋನ್ ಬರಲಿಲ್ಲ. ಬರಬಾರದು ಎಂದು ಗೊತ್ತಿದ್ದರೂ ನಾನು ಮತ್ತೆ ಮತ್ತೆ ಫೋನ್ ತೆಗೆದು ನೋಡಿದೆ. ಎಮ್ಮೆಯೊಂದಕ್ಕೆ ಸೂಜಿ ಚುಚ್ಚಿ, ಕೈ ತೊಳೆದು, ಕೊನೆಗೆ ತಡೆಯಲಾರದೆ ನಾನೇ ಮಾಡಿದೆ.

ಆ ಕಡೆ ಗದ್ದಲ. ಯಾರೋ ಜೋರಾಗಿ ಕೂಗಾಡುತ್ತಿದ್ದರು.

"ಖಾಲಾ, ಮಲಾಯಿ ಹೆಂಗೈತ್ರಿ?"

"ಬಾಜೂಮನಿಯವರ ಪಾರಿವಾಳ ಹಿಡಕೊಂಡು ಮಾಳಗಿ ಮ್ಯಾಲ ಹತ್ತಿ ಕುಂತೈತ್ರಿ! ಅವರು ಜಗಳಕ್ಕ ಬಂದಾರ. ಒಂದ ಕಣ್ಣಿನ ಬೆಕ್ಕು ಹೆಂಗ ಹಿಡಿತೈತಿ, ನಮ್ಮದಲ್ಲ ಅಂತ ನಾ ಹೇಳಾಕತ್ತೀನಿ," ಎಂದರು ಖಾಲಾ. "ಆಮ್ಯಾಲೆ ಮಾಡ್ರಿ ಡಾಕ್ಟ್ರಬಾಯಿ." ಫೋನ್ ಇಟ್ಟುಬಿಟ್ಟರು.